ಎಕ್ಸ್5 ತಗ್ಗಿಸುವುದು: ಸ್ಪ್ರಿಂಗ್, ಕಾಯ್ಲೋವರ್, ಸೆನ್ಸರ್ ಲಿಂಕ್, ಮಾಡ್ಯೂಲ್ – ಯಾವುದು ಯಾರಿಗೆ?

ಜಿ05 ತಲೆಮಾರಿನ ಬಿಎಂಡಬ್ಲ್ಯು ಎಕ್ಸ್5 ಕಂಪನಿಯಿಂದ ಬರುವಾಗ ಅದರ ಗ್ರೌಂಡ್ ಕ್ಲಿಯರೆನ್ಸ್ 214 ಮಿ.ಮೀ. ಚಕ್ರದ ಮೇಲೆ ಕಾಣುವ ಖಾಲಿ ಜಾಗ ಕಣ್ಣಿಗೆ ಒಗ್ಗದೆ ಗಾಡಿ ಲೋ ಮಾಡಿಸಲು ಹೊರಟವರು, ತಮ್ಮದರಲ್ಲಿ ಇರುವುದು ಕಾಯಿಲ್ ಸ್ಪ್ರಿಂಗೋ (ಉಕ್ಕಿನ ಸುರುಳಿ) ಏರ್ ಸಸ್ಪೆನ್ಷನ್ನೋ (ಗಾಳಿ ತುಂಬಿದ ರಬ್ಬರ್ ಚೀಲ) ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಕಾಯಿಲ್ ಗಾಡಿಗೆ ಇರುವ ದಾರಿ ಸ್ಪ್ರಿಂಗ್ ಬದಲಿಸುವುದು ಅಥವಾ ಕಾಯ್ಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಜೋಡಿ) ಹಾಕುವುದು. ಏರ್ ಗಾಡಿಗೆ ಸೆನ್ಸರ್ ಲಿಂಕ್ ಅಥವಾ ಎಲೆಕ್ಟ್ರಾನಿಕ್ ಮಾಡ್ಯೂಲ್. ಇವುಗಳ ಬೆಲೆಗಿಂತ ಹೆಚ್ಚಾಗಿ ಗುಣದಲ್ಲೇ ದೊಡ್ಡ ವ್ಯತ್ಯಾಸವಿದೆ.

ಏರ್ ಸಸ್ಪೆನ್ಷನ್ ಇರುವವರು ದುಡ್ಡು ಬಿಚ್ಚುವ ಮೊದಲು ಒಂದು ವಾರ ಸ್ಪೋರ್ಟ್ ಮೋಡ್‌ನಲ್ಲೇ ಓಡಿಸಿ ನೋಡಿ. ಆ ಮೋಡ್‌ನಲ್ಲಿ ಗಾಡಿ ತಾನಾಗಿಯೇ 20 ಮಿ.ಮೀ. ಇಳಿಯುತ್ತದೆ. ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಫೆಂಡರ್ (ಚಕ್ರದ ಮೇಲಿನ ಬಾಡಿ) ಅಂಚಿನವರೆಗೆ ನಾಲ್ಕೂ ಕಡೆ ಟೇಪ್ ಹಿಡಿದು ಕಂಫರ್ಟ್, ಸ್ಪೋರ್ಟ್ ಎರಡೂ ಮೋಡ್‌ನ ಅಳತೆ ಬರೆದಿಟ್ಟುಕೊಳ್ಳಿ. ನೆಲದಿಂದ ಅಳೆದರೆ ಟೈರಿನ ಗಾಳಿ, ಸವೆತ ಎಲ್ಲ ಲೆಕ್ಕದೊಳಗೆ ಸೇರಿಬಿಡುತ್ತವೆ. ಆ 20 ಮಿ.ಮೀ.ಗೇ ನಿಮ್ಮ ಮನೆಯ ಬೇಸ್‌ಮೆಂಟ್ ರ‍್ಯಾಂಪ್‌ನಲ್ಲಿ ಮುಂಬಂಪರ್ ಉಜ್ಜಿದರೆ, ಮುಂದಿನದನ್ನು ಯೋಚಿಸುವ ಅಗತ್ಯವೇ ಇಲ್ಲ.

ತಗ್ಗಿಸಿದ ಗಾಡಿ ಯಾಕೆ ಒರಟಾಗುತ್ತದೆ ಎಂಬುದು ಒಂದು ಸಣ್ಣ ಲೆಕ್ಕದಲ್ಲಿ ತಿಳಿಯುತ್ತದೆ. ನಿಂತ ಮಟ್ಟದಿಂದ ಚಕ್ರ ಮೇಲಕ್ಕೆ ಹೋಗಲು 80 ಮಿ.ಮೀ. ಜಾಗವಿದೆ ಎಂದು ಇಟ್ಟುಕೊಳ್ಳೋಣ. 30 ಮಿ.ಮೀ. ಇಳಿಸಿದರೆ ಉಳಿಯುವುದು 50. ಸ್ಪ್ರಿಂಗ್ ನುಂಗುವ ಶಕ್ತಿ ಅದು ಕುಗ್ಗುವ ದೂರದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಹಾಗಾಗಿ ಅದೇ ಹೊಡೆತವನ್ನು 50 ಮಿ.ಮೀ. ಒಳಗೆ ತಡೆಯಬೇಕಾದರೆ ಸ್ಪ್ರಿಂಗ್ ಎರಡೂವರೆ ಪಟ್ಟು ಗಟ್ಟಿಯಿರಬೇಕು. ಮಾರುಕಟ್ಟೆಯ ಲೋವರಿಂಗ್ ಸ್ಪ್ರಿಂಗ್‌ಗಳು ಅಷ್ಟು ಗಟ್ಟಿ ಇರುವುದಿಲ್ಲ, ಇದ್ದರೆ ಗಾಡಿಯಲ್ಲಿ ಕೂರಲಾಗುವುದಿಲ್ಲ. ಕೊರತೆಯನ್ನು ತುಂಬುವುದು ಬಂಪ್ ಸ್ಟಾಪ್, ಅಂದರೆ ಸಸ್ಪೆನ್ಷನ್ ಪೂರ್ತಿ ಕುಗ್ಗುವಾಗ ತಡೆಯುವ ಮೆತ್ತೆ. ಹಂಪ್ ಮೇಲೆ ಕೇಳುವ ಆ 'ಧಡ್' ಸದ್ದು ಅದರದೇ.

ಸ್ಪ್ರಿಂಗ್ ಸೆಟ್ ನಾಲ್ಕರಲ್ಲಿ ಸರಳವಾದದ್ದು. ಐಬಾಕ್, ಎಚ್ ಅಂಡ್ ಆರ್ ಮುಂತಾದವರ ಸೆಟ್‌ಗಳು ಸಾಮಾನ್ಯವಾಗಿ 25–30 ಮಿ.ಮೀ. ಇಳಿಸುತ್ತವೆ. ಮೂಲ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಉಳಿಯುವುದರಿಂದ ಕಂಫರ್ಟ್, ಸ್ಪೋರ್ಟ್ ಮೋಡ್‌ಗಳು ಮೊದಲಿನಂತೆಯೇ ಕೆಲಸ ಮಾಡುತ್ತವೆ. ಒಬ್ಬರೇ ಇದ್ದಾಗ ಚೆನ್ನಾಗಿಯೇ ಓಡುತ್ತದೆ, ತಿರುವಿನಲ್ಲಿ ವಾಲುವುದು ಕಡಿಮೆಯಾಗುತ್ತದೆ. ಐದು ಜನ, ಡಿಕ್ಕಿ ತುಂಬ ಲಗೇಜು ಹಾಕಿಕೊಂಡು ಶಿರಾಡಿ ಘಾಟಿ ಇಳಿದಾಗ ಇದರ ಬಲಹೀನತೆ ಕಾಣುತ್ತದೆ: ಮೊದಲೇ 30 ಮಿ.ಮೀ. ಇಳಿದ ಹಿಂಭಾಗ ಭಾರಕ್ಕೆ ಇನ್ನಷ್ಟು ಕೂರುತ್ತದೆ, ಮತ್ತೆ ಬಂಪ್ ಸ್ಟಾಪ್. ಐವತ್ತು–ಅರವತ್ತು ಸಾವಿರ ಕಿ.ಮೀ. ಓಡಿದ ಡ್ಯಾಂಪರ್ ಮೇಲೆ ಹೊಸ ಗಟ್ಟಿ ಸ್ಪ್ರಿಂಗ್ ಹಾಕುವುದು ತಪ್ಪು ಲೆಕ್ಕ. ಆಗಲೇ ಸುಸ್ತಾದ ಡ್ಯಾಂಪರ್‌ಗೆ ಆ ಸ್ಪ್ರಿಂಗಿನ ನೆಗೆತ ತಡೆಯಲಾಗದೆ ಎಣ್ಣೆ ಸೋರಲು ಶುರುವಾಗುತ್ತದೆ.

ಸ್ಪ್ರಿಂಗ್ ಹಾಕುವಾಗ ಬಹಳಷ್ಟು ಗ್ಯಾರೇಜುಗಳಲ್ಲಿ ಆಗುವ ತಪ್ಪು ಬುಷ್‌ಗಳದ್ದು. ಚಕ್ರವನ್ನು ಬಾಡಿಗೆ ಜೋಡಿಸುವ ಕಂಟ್ರೋಲ್ ಆರ್ಮ್‌ನ ಕೀಲಿನಲ್ಲಿರುವ ರಬ್ಬರ್ ಬುಷ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಗಾಡಿ ಲಿಫ್ಟ್ ಮೇಲಿದ್ದು ಚಕ್ರ ಜೋತುಬಿದ್ದಿರುವಾಗಲೇ ಬೋಲ್ಟ್ ಬಿಗಿದರೆ, ಗಾಡಿ ಕೆಳಗಿಳಿದ ಕೂಡಲೇ ಬುಷ್ ಸದಾ ತಿರುಚಿದ ಸ್ಥಿತಿಯಲ್ಲೇ ಉಳಿಯುತ್ತದೆ. ಕೆಲವೇ ತಿಂಗಳಲ್ಲಿ ರಬ್ಬರ್ ಸೀಳುತ್ತದೆ, ಬ್ರೇಕ್ ಹಿಡಿದಾಗ ಲಟಕ್ ಎನ್ನುತ್ತದೆ. ಸರಿಯಾದ ಕ್ರಮ ಹೀಗಿದೆ: ಆರ್ಮ್‌ನ ಒಳಬದಿಯ ಬೋಲ್ಟ್‌ಗಳನ್ನು ಸಡಿಲ ಬಿಡಿ, ಹೊಸ ಸ್ಪ್ರಿಂಗ್ ಕೂರಿಸಿ, ಹಬ್ (ಚಕ್ರ ಕೂರುವ ನಡುಭಾಗ) ಕೆಳಗೆ ಜಾಕ್ ಕೊಟ್ಟು, ಹಬ್‌ನ ನಡುವಿನಿಂದ ಫೆಂಡರ್‌ಗೆ ಹೊಸ ಎತ್ತರದ ಅಳತೆ ಬರುವವರೆಗೆ ಎತ್ತಿ, ಆಮೇಲೆ ಕಂಪನಿಯ ಟಾರ್ಕ್‌ಗೆ ಬಿಗಿಯಿರಿ. ಒಮ್ಮೆ ಬಿಚ್ಚಿದರೆ ಬದಲಿಸಬೇಕೆಂದು ಕಂಪನಿ ಹೇಳುವ ಬೋಲ್ಟ್‌ಗಳ ಜಾಗಕ್ಕೆ ಹೊಸದೇ ಬರಲಿ. ಏರ್ ಗಾಡಿಯನ್ನು ಶಾಶ್ವತವಾಗಿ ತಗ್ಗಿಸಿದಾಗಲೂ ಬುಷ್‌ಗೆ ಇದೇ ಉಪಚಾರ ಬೇಕು. ಅದನ್ನು ಮಾಡುವವರು ತೀರಾ ಕಡಿಮೆ.

ಕಾಯ್ಲೋವರ್‌ನಲ್ಲಿ ಸ್ಪ್ರಿಂಗ್, ಡ್ಯಾಂಪರ್ ಒಂದಕ್ಕೊಂದು ಹೊಂದಿಕೊಂಡೇ ಬರುತ್ತವೆ. ಎತ್ತರವನ್ನು ಮಿ.ಮೀ. ಲೆಕ್ಕದಲ್ಲಿ ಕೂರಿಸಬಹುದು, ಒಂದು ಕಡೆ ತಗ್ಗಿದ್ದರೆ ಸರಿಪಡಿಸಬಹುದು. ರಸ್ತೆಯ ಹಿಡಿತ ನಾಲ್ಕರಲ್ಲೇ ಉತ್ತಮ. ಆದರೆ ಮೂಲ ಎಲೆಕ್ಟ್ರಾನಿಕ್ ಡ್ಯಾಂಪರ್ ತೆಗೆದಾಗ ಡ್ಯಾಶ್‌ಬೋರ್ಡ್‌ನಲ್ಲಿ ದೋಷ ಸೂಚನೆ ಬರದಂತೆ ಕ್ಯಾನ್ಸಲೇಶನ್ ಕಿಟ್ ಹಾಕಬೇಕು, ಮೋಡ್‌ಗಳು ಹೋಗುತ್ತವೆ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಓಡಿಸುವವರು ಕೆಡಬ್ಲ್ಯು ಕಂಪನಿಯ ಇನಾಕ್ಸ್-ಲೈನ್‌ನಂಥ ಸ್ಟೇನ್‌ಲೆಸ್ ಸ್ಟೀಲ್ ಸೆಟ್ ನೋಡುವುದು ಒಳ್ಳೆಯದು. ಮಾಮೂಲಿ ಲೇಪನದ ಮರೆಗೆ ಕೆಸರು ಕೂತು ತುಕ್ಕು ಹಿಡಿದರೆ ಎತ್ತರ ಬದಲಿಸುವ ಕಾಲರ್ ಅಲುಗುವುದೇ ಇಲ್ಲ. ಆಗ ಅಷ್ಟು ದುಡ್ಡು ಕೊಟ್ಟದ್ದೇ ವ್ಯರ್ಥ.

ಏರ್ ಸಸ್ಪೆನ್ಷನ್‌ನಲ್ಲಿ ಲಿಂಕ್ ಮಾಡುವ ಕೆಲಸ ಇಷ್ಟೇ: ಕಂಪ್ಯೂಟರಿಗೆ ಸುಳ್ಳು ಹೇಳುವುದು. ಬಾಡಿಯ ಮೇಲಿರುವ ಎತ್ತರದ ಸೆನ್ಸರನ್ನು ಕೆಳಗಿನ ಆರ್ಮ್‌ಗೆ ಜೋಡಿಸುವ ಕಡ್ಡಿಯನ್ನು ಗಿಡ್ಡ ಮಾಡಿದರೆ ಗಾಡಿ ಎತ್ತರದಲ್ಲಿದೆ ಎಂದು ಕಂಪ್ಯೂಟರ್ ತಿಳಿದು ಗಾಳಿ ಬಿಡುತ್ತದೆ. ಕಡ್ಡಿ ಆರ್ಮ್‌ನ ನಡುಮಧ್ಯ ಕೂತಿದ್ದರೆ 1 ಮಿ.ಮೀ. ಗಿಡ್ಡ ಮಾಡಿದಾಗ ಚಕ್ರದ ಬಳಿ ಸುಮಾರು 2 ಮಿ.ಮೀ. ಇಳಿಯುತ್ತದೆ. ಅದಕ್ಕೇ ಎಡ–ಬಲ ಲಿಂಕ್‌ಗಳ ಉದ್ದವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲೇ ಅಳೆಯಬೇಕು, ಕಣ್ಣಂದಾಜು ಸಾಲದು. ತೀರಾ ಗಿಡ್ಡ ಮಾಡಿದರೆ ಸೆನ್ಸರ್ ತನ್ನ ವ್ಯಾಪ್ತಿ ಮೀರಿ ದೋಷ ತೋರಿಸುತ್ತದೆ. ಇದರ ದೊಡ್ಡ ಕೊರತೆ ಎಂದರೆ ಎಲ್ಲ ಮೋಡ್‌ಗಳೂ ಒಟ್ಟಿಗೆ ಇಳಿಯುತ್ತವೆ. ಕಂಪನಿ ಕೊಟ್ಟ 40 ಮಿ.ಮೀ. ಎತ್ತುವ ಸೌಲಭ್ಯ, 25 ಇಳಿಸಿದ ಗಾಡಿಯಲ್ಲಿ ಮೂಲ ಮಟ್ಟಕ್ಕಿಂತ ಬರೀ 15 ಮಿ.ಮೀ. ಮೇಲಕ್ಕೆ ಒಯ್ಯುತ್ತದೆ. ಸರ್ವಿಸ್‌ನಲ್ಲಿ ಯಾರಾದರೂ ಎತ್ತರ ಅಳೆದು ಕ್ಯಾಲಿಬ್ರೇಶನ್ ಮಾಡಿದರೆ ಗಾಡಿ ಮತ್ತೆ ಮೊದಲಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ.

ಮಾಡ್ಯೂಲ್ ಅದೇ ಸುಳ್ಳನ್ನು ವಿದ್ಯುತ್ ಸಂಕೇತದಲ್ಲಿ ಹೇಳುತ್ತದೆ. ಬೆಲೆ ಲಿಂಕ್‌ಗಿಂತ ಬಹಳ ಹೆಚ್ಚು. ಆದರೆ ಹಂಪ್ ಕಂಡಾಗ, ಹಳ್ಳಿ ರಸ್ತೆಗೆ ತಿರುಗುವಾಗ ಆಫ್ ಮಾಡಿದರೆ ಪೂರ್ತಿ ಎತ್ತರ ವಾಪಸ್ ಸಿಗುತ್ತದೆ. ಸುಮ್ಮನೆ ಆಟಕ್ಕೆ ಏರಿಸಿ ಇಳಿಸುತ್ತಿದ್ದರೆ ಮಾತ್ರ ಕಂಪ್ರೆಸರ್‌ಗೆ ದಣಿವು. ಅದು ಕೆಲಸ ಮಾಡುವುದು ಏರಿಸುವಾಗ. ಏರ್ ಗಾಡಿಗೆ ನಮ್ಮ ಆಯ್ಕೆ ಇದೇ, 20–25 ಮಿ.ಮೀ. ಮಿತಿಯಲ್ಲಿ. ಭಾರ ಹೇರಿದರೂ ಹಿಂಭಾಗ ಕೂರದಿರುವುದು ಏರ್‌ನ ದೊಡ್ಡ ಲಾಭ. ಇಳಿಸಿದ ಏರ್ ಸ್ಪ್ರಿಂಗ್‌ನೊಳಗೆ ಗಾಳಿಯ ಜಾಗ ಕುಗ್ಗುವುದರಿಂದ ಅದೂ ತುಸು ಗಟ್ಟಿಯಾಗುತ್ತದೆ. ಹಳೆಯ ಗಾಡಿಯಾದರೆ ಗಾಳಿ ಚೀಲದ (ಬೆಲ್ಲೋಸ್) ರಬ್ಬರಿನ ಮಡಿಕೆ ಹೊಸ ಜಾಗಕ್ಕೆ ಬಂದು, ಅಲ್ಲಿ ಮೊದಲೇ ಇದ್ದ ಬಿರುಕು ಬಾಯಿಬಿಡಬಹುದು.

ಯಾವ ದಾರಿ ಹಿಡಿದರೂ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲಿಕೆ) ಒಳವಾಲುತ್ತದೆ, ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಬದಲಾಗುತ್ತದೆ. ಅಲೈನ್‌ಮೆಂಟ್ ಅಂದೇ ಮಾಡಿಸಿ, ಸ್ಪ್ರಿಂಗ್ ಗಾಡಿಯಾದರೆ 500–1,000 ಕಿ.ಮೀ. ಆದ ಮೇಲೆ ಮತ್ತೊಮ್ಮೆ. ಹೆಡ್‌ಲೈಟ್‌ನ್ನೂ ಮರೆಯಬೇಡಿ: ಗಾಡಿ ಇಳಿದ ಮೇಲೆ ಬೆಳಕಿನ ಮಟ್ಟವನ್ನೂ ಪರೀಕ್ಷಿಸಿ ಹೊಂದಿಸಬೇಕು. ಮುಂಗಾಜಿನ ಕ್ಯಾಮೆರಾಗೂ ಕ್ಯಾಲಿಬ್ರೇಶನ್ ಬೇಕು.

ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಅಂಥದ್ದನ್ನು ತಗ್ಗಿಸಿದ ಎಕ್ಸ್5 ಸಲೀಸಾಗಿ ದಾಟುತ್ತದೆ. ತೊಂದರೆ ಕೊಡುವುದು ಬಡಾವಣೆಗಳಲ್ಲಿ ಜನರೇ ಹಾಕಿಕೊಂಡ ಮೊನಚು ಡುಬ್ಬಗಳು. ಇನ್ನು ಕಾನೂನಿನ ಮಾತು: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಾರ್ಪಾಡುಗಳ ಮೇಲೆ ಬಿಗಿಯಾಗಿದೆ. ಮೊದಲು ಆರ್‌ಟಿಓದಲ್ಲಿ ವಿಚಾರಿಸಿ, ಇನ್ಶೂರೆನ್ಸ್ ಕಂಪನಿಗೂ ಬರಹದಲ್ಲೇ ತಿಳಿಸಿ.

ಹಿಂದಿನ ಚಕ್ರಕ್ಕೆ 315/35 ಆರ್21ರಂಥ ಅಗಲದ ಟೈರಿದ್ದರೆ ಹೊರಗಿನಿಂದ ಹೊಸದರಂತೆ ಕಂಡರೂ ಒಳ ಅಂಚು ಬೋಳಾಗಿರಬಹುದು. ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಬಗ್ಗಿ ನೋಡಿ. ತಂತಿ ಹೊರಬಂದಿಲ್ಲವೆಂದು ಖಚಿತವಾದ ಮೇಲೆ ಒಳಮಗ್ಗುಲಿಗೆ ಅಂಗೈ ಆಡಿಸಿ: ಹೊರಗಿನಿಂದ ಒಳಕ್ಕೆ ಎಳೆದಾಗ ನುಣುಪಾಗಿದ್ದು, ಒಳಗಿನಿಂದ ಹೊರಕ್ಕೆ ಎಳೆದಾಗ ಗರಗಸದ ಹಲ್ಲಿನಂತೆ ತಡೆದರೆ, ಅಥವಾ ಅದರ ತಿರುಗುಮುರುಗಾದರೆ, ಟೋ ತಪ್ಪಿದೆ, ಅಲೈನ್‌ಮೆಂಟ್‌ಗೆ ಅಂದೇ ಬಿಡಿ.