ಹಳೆಯ ಸ್ಕೂಲ್ ಬಸ್: ಉದ್ದದ್ದೋ, ಗಿಡ್ಡದ್ದೋ?

ಅಮೆರಿಕದಲ್ಲಿ ಹಳೆಯ ಸ್ಕೂಲ್ ಬಸ್ ಕೊಂಡು ಮನೆ ಮಾಡಿಕೊಳ್ಳುವವರು ಮೊದಲು ನೋಡಬೇಕಾದ್ದು ತುಕ್ಕು, ಉದ್ದ ಆಮೇಲೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳ ಬಸ್ಸಾದರೆ ಅಡಿಗೆ ನುಸುಳಿ, ತಗಡಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ತೂತು ಬಿದ್ದರೆ ಎಷ್ಟು ಅಗ್ಗವಾದರೂ ಬೇಡ.

ಸಂಸಾರ ಸಮೇತ ವರ್ಷಗಟ್ಟಲೆ ಇರುವುದಾದರೆ 35–40 ಅಡಿಯದೇ ಸರಿ. ಇಂಟರ್‌ನ್ಯಾಷನಲ್ ಕಂಪನಿಯ ಡಿಟಿ466 ಡೀಸೆಲ್ ಎಂಜಿನ್ ಸಿಕ್ಕರಂತೂ ನನಗೆ ಬಲು ಇಷ್ಟ: ಅದನ್ನು ಕೆಳಗಿಳಿಸದೆಯೇ ಸವೆದ ಸಿಲಿಂಡರ್ ಸ್ಲೀವ್ (ಸಿಲಿಂಡರಿನ ಒಳಗವಸು) ಬದಲಿಸಬಹುದು. ಆದರೆ ಟೈರು ಆರು, ಒಂದೊಂದೂ ದುಬಾರಿ.

ವಾರಾಂತ್ಯದ ಸುತ್ತಾಟಕ್ಕೆ, ಊರೊಳಗೆ ನಿಲ್ಲಿಸಲು ಗಿಡ್ಡದ್ದು. ಫೋರ್ಡ್ ಇ-450 ವ್ಯಾನಿನ ಚಾಸಿ ಮೇಲೆ ಕಟ್ಟಿದ್ದಾದರೆ ಬಿಡಿಭಾಗ ಸುಲಭ. ಎಂಜಿನ್ ಮಾತ್ರ ಡ್ರೈವರ್ ಪಕ್ಕದವರೆಗೂ ಒಳಚಾಚಿರುತ್ತದೆ, ರಿಪೇರಿಗೆ ಕೈ ಹೋಗುವುದೇ ಕಷ್ಟ.

ಎರಡಕ್ಕೂ ವಿಮೆ ಸುಲಭವಾಗಿ ಸಿಗುವುದಿಲ್ಲ; ಹಣ ಕೊಡುವ ಮುನ್ನವೇ ವಿಚಾರಿಸಿಕೊಳ್ಳಿ.