ಮೀಲ್‌ವರ್ಮ್ ಬಿಟ್ಟು ಸೋಲ್ಜರ್ ಫ್ಲೈ ಹುಳ: ಫ್ಯಾಟ್‌ಟೇಲ್ ಗೆಕ್ಕೊ ಸಾಕುವ ಬದಿಯಡ್ಕದವಳ ಅನುಭವ

ಬಾಲದಲ್ಲಿ ಕೊಬ್ಬು ಕೂಡಿಡುವ ಸಾಕುಹಲ್ಲಿ ಆಫ್ರಿಕನ್ ಫ್ಯಾಟ್‌ಟೇಲ್ ಗೆಕ್ಕೊಗೆ ಮೀಲ್‌ವರ್ಮ್ (ಒಂದು ಜಾತಿ ಜೀರುಂಡೆಯ ಮರಿಹುಳ) ಬದಲು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಹುಳ ಕೊಡಬಹುದಾ? ಧಾರಾಳವಾಗಿ ಕೊಡಿ. ಕಳೆದ ಮಳೆಗಾಲಕ್ಕೂ ಮೊದಲಿನಿಂದ ನಮ್ಮ ಮನೆಯಲ್ಲಿ ಇದೇ ಮುಖ್ಯ ಊಟ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಬದಲಾಯಿಸಲು ಕಾರಣ ಕ್ಯಾಲ್ಸಿಯಂ. ಒಂದು ಕಿಲೋ ಮೀಲ್‌ವರ್ಮ್‌ನಲ್ಲಿ ಅರ್ಧ ಗ್ರಾಂ ಕ್ಯಾಲ್ಸಿಯಂ ಕೂಡ ಸಿಗುವುದಿಲ್ಲ, ಮೇಲಿಂದ ರಂಜಕ ಅದರ ಹಲವು ಪಟ್ಟು. ಸೋಲ್ಜರ್ ಫ್ಲೈ ಹುಳದಲ್ಲಿ ಕಿಲೋಗೆ 9 ಗ್ರಾಂವರೆಗೂ ಇರುತ್ತದೆ, ಹುಳಕ್ಕೆ ಏನು ತಿನ್ನಿಸಿದ್ದಾರೆ ಅನ್ನುವುದರ ಮೇಲೆ ಹೆಚ್ಚು ಕಮ್ಮಿ ಆಗಬಹುದು. ಕ್ಯಾಲ್ಸಿಯಂ ಕೊರತೆಯಾದರೆ ಗೆಕ್ಕೊದ ದವಡೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ, ಒಮ್ಮೆ ಸೊಟ್ಟಗಾದ ಮೂಳೆ ಮತ್ತೆ ನೆಟ್ಟಗಾಗುವುದಿಲ್ಲ. ಇಂಥ ಪ್ರಾಣಿ ನೋಡುವ ಡಾಕ್ಟರ್ ಬೇಕೆಂದರೆ ನಾವು ತಲಪಾಡಿ ಗಡಿ ದಾಟಿ ಮಂಗಳೂರಿಗೇ ಓಡಬೇಕು. ಹಾಗಾಗಿ ಹುಳದಲ್ಲೇ ಕ್ಯಾಲ್ಸಿಯಂ ಇರುವುದು ನನಗೆ ದೊಡ್ಡ ಸಮಾಧಾನ. ವಿಟಮಿನ್ ಡಿ3 ಮಾತ್ರ ಬೇರೆಯಾಗಿ ಕೊಡಬೇಕು.

ಶುರುವಿನಲ್ಲಿ ನನ್ನ ಗೆಕ್ಕೊ ಮೂಸಿ ನೋಡಿ ಮುಖ ತಿರುಗಿಸುತ್ತಿದ್ದಳು. ಫ್ಯಾಟ್‌ಟೇಲ್‌ಗಳ ಹಠ ಸಾಕಿದವರಿಗೇ ಗೊತ್ತು. ಒಂದು ಹೊತ್ತು ಊಟ ಬಿಟ್ಟು, ರಾತ್ರಿ ಲೈಟ್ ಆರಿಸಿದ ಮೇಲೆ ಚಿಮಟದಲ್ಲಿ ಮೊದಲು ಮೀಲ್‌ವರ್ಮ್, ಅದರ ಬೆನ್ನಿಗೇ ಹೊಸ ಹುಳ ಕೊಟ್ಟೆ. ಈಗ ಬಟ್ಟಲು ಇಟ್ಟರೆ ಸಾಕು, ಮೈಯೆಲ್ಲ ಸ್ತಬ್ಧವಾಗಿ ಬಾಲದ ತುದಿ ಮಾತ್ರ ಅಲುಗಾಡುತ್ತದೆ, ಮರುಕ್ಷಣ ಹುಳ ಬಾಯಲ್ಲಿ.

ಈ ಹುಳದ ಚರ್ಮ ಗಟ್ಟಿ. ಅಗಿಯದೆ ನುಂಗಿದರೆ ಹಿಕ್ಕೆಯಲ್ಲಿ ಇಡೀ ಹುಳವೇ ಹಾಗೇ ಕಾಣುತ್ತದೆ, ಅಂದರೆ ಒಳಗಿನ ಸತ್ವ ಮೈಗೆ ಸೇರಿಲ್ಲ. ಮೌಂಟನ್ ಚಿಕನ್ ಎಂಬ ಕೆರಿಬಿಯನ್ ಕಪ್ಪೆಗಳಿಗೆ ಇದೇ ಹುಳ ಕೊಟ್ಟು ನೋಡಿದಾಗ, ಜಜ್ಜಿ ಕೊಟ್ಟರೆ ಕ್ಯಾಲ್ಸಿಯಂ ತುಂಬಾ ಜಾಸ್ತಿ ಜೀರ್ಣವಾಗಿತ್ತು. ನಾನು ಸೂಜಿಯಿಂದ ಒಂದು ಚುಚ್ಚು ಚುಚ್ಚಿ, ಹುಳ ಒದ್ದಾಡುತ್ತಿರುವಾಗಲೇ ಕೊಡುತ್ತೇನೆ. ಅಲುಗಾಡದ್ದನ್ನು ಇವಳು ಮುಟ್ಟುವುದಿಲ್ಲ.

ಇನ್ನು ಒಂದು ಸ್ಟಾರ್ ಕಳೆದದ್ದು ಯಾಕೆ ಅಂದರೆ, ನಮ್ಮ ಕಾಸರಗೋಡಿನ ಹವೆಯಲ್ಲಿ ಇದನ್ನು ಇಟ್ಟುಕೊಳ್ಳುವುದು ಸುಲಭ ಅಲ್ಲ. ಒಣಗಿದ ಗಾಜಿನ ಬಟ್ಟಲನ್ನು ಈ ಹುಳ ಹತ್ತುವುದಿಲ್ಲ. ಆದರೆ ಬಟ್ಟಲಿನ ಒಳಮೈಗೆ ಸ್ವಲ್ಪ ಪಸೆ ಹಿಡಿದರೂ ಅಂಟಿಕೊಂಡು ಸಲೀಸಾಗಿ ಮೇಲೆ ಬರುತ್ತದೆ, ಮಳೆಗಾಲದ ಆಟಿ ತಿಂಗಳಲ್ಲಿ ಪಸೆ ಇಲ್ಲದ ವಸ್ತು ಇಲ್ಲಿ ಯಾವುದಿದೆ ಹೇಳಿ. ತಪ್ಪಿಸಿಕೊಂಡವು ಗೆಕ್ಕೊದ ಗೂಡಿನಲ್ಲಿ ಹಾಸಿದ ತೆಂಗಿನ ನಾರಿನ ಪುಡಿಯೊಳಗೆ ಸೇರಿ ಕಪ್ಪಗಾಗಿ ಕೊನೆಗೆ ನೊಣವಾಗಿ ಹೊರಗೆ ಬರುತ್ತವೆ. ನೋಡಲು ಕಣಜದ ಹಾಗಿದ್ದರೂ ಕಚ್ಚುವುದಿಲ್ಲ, ಗೆಕ್ಕೊಗೆ ಅಟ್ಟಿಸಿಕೊಂಡು ಹೋಗಿ ಹಿಡಿಯಲು ಖುಷಿ. ಬಟ್ಟಲನ್ನು ಪ್ರತಿ ಸಲ ಒರೆಸಿ, ಮೇಲಿನ ಅಂಚು ಒಳಗೆ ಬಾಗಿರುವಂಥದ್ದೇ ತಗೊಳ್ಳಿ.

ಏಪ್ರಿಲ್, ಮೇ ತಿಂಗಳಲ್ಲಿ ಕೊರಿಯರ್‌ನಲ್ಲಿ ತರಿಸಬೇಡಿ. ಗುಂಪಾಗಿದ್ದರೆ ಈ ಹುಳಗಳೇ ಬಿಸಿ ಹುಟ್ಟಿಸುತ್ತವೆ, ಮೇಲಿಂದ ಸೆಕೆ. ನನಗೆ ಬಂದ ಒಂದು ಪೊಟ್ಟಣ ಬಿಚ್ಚುವಾಗಲೇ ಹುಳಿ ವಾಸನೆ, ಅರ್ಧಕ್ಕರ್ಧ ಸತ್ತಿದ್ದವು, ಮಾರಿದವರು ಬದಲಿ ಕೊಡಲೂ ಇಲ್ಲ. 10ರಿಂದ 15 ಡಿಗ್ರಿ ತಂಪಿನಲ್ಲಿಟ್ಟರೆ ಬೆಳವಣಿಗೆ ನಿಧಾನವಾಗುತ್ತದೆ. ಮಾಮೂಲಿ ಫ್ರಿಜ್ಜಿನ ಒಳಗಿನ ಚಳಿ ಇವಕ್ಕೆ ಜಾಸ್ತಿಯಾಯಿತು.

ಹಲಸಿನ ರೆಚ್ಚೆ ಕೊಳೆಯುವಲ್ಲಿ ಇದೇ ಹುಳ ಸುಮ್ನೆ ಸಿಗುತ್ತದಲ್ವಾ ಅಂತ ಅನಿಸಬಹುದು. ದಯವಿಟ್ಟು ಬೇಡ. ಅಡಿಕೆ ತೋಟದ ಕಸದಲ್ಲಿ ಮೈಲುತುತ್ತು, ಇಲಿ ಪಾಷಾಣ ಏನೇನು ಬೆರೆತಿರುತ್ತದೋ. ಎಂಡೋಸಲ್ಫಾನ್ ಕಂಡ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊಬ್ಬು ಕಮ್ಮಿಯಾಗಲಿ ಎಂದು ಬದಲಾಯಿಸುವುದಾದರೆ ದುಡ್ಡು ದಂಡ. ಕೊಬ್ಬಿನಲ್ಲಿ ಎರಡೂ ಹುಳ ಹೆಚ್ಚು ಕಮ್ಮಿ ಒಂದೇ. ಬಾಲ ಕುತ್ತಿಗೆಗಿಂತ ದಪ್ಪವಾಗುತ್ತಾ ಹೋದರೆ ಮಧ್ಯೆ ಮಧ್ಯೆ ಕ್ರಿಕೆಟ್ ಎಂಬ ಮಿಡತೆಯಂಥ ಕೀಟ ಕೊಡಿ. ದೊಡ್ಡ ಸೈಜಿನ ಹುಳ ಬೇಗ ಕಪ್ಪಾಗಿಬಿಡುತ್ತದೆ, ಹಾಗಾಗಿ ನಾನು ತರಿಸುವುದು ಯಾವಾಗಲೂ ಮಧ್ಯಮ ಸೈಜ್.