ಕ್ಯಾಲಿಫೋರ್ನಿಯಾದಲ್ಲಿರುವವರು ಗಮನಿಸಿ: ಬೇರೆ ರಾಜ್ಯದ ಫಾರ್ಮಸಿಯಿಂದ ಇಂಜೆಕ್ಷನ್ ತರಿಸುವ ಮೊದಲು ಲೈಸೆನ್ಸ್ ನೋಡಿ

ತೂಕ ಇಳಿಸುವ ಇಂಜೆಕ್ಷನ್ ಅಗ್ಗಕ್ಕೆ ಮನೆಗೇ ಕಳಿಸುತ್ತೇವೆ ಅನ್ನುವ ವೆಬ್‌ಸೈಟ್‌ಗಳನ್ನು ದಯವಿಟ್ಟು ನಂಬಬೇಡಿ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. ಆದರೂ ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ನಮ್ಮ ಯಜಮಾನರು ತೂಕ ಇಳಿಸಲೇಬೇಕು ಅಂತ ಡಾಕ್ಟರು ಹೇಳಿದ್ದರು. ಇನ್ಶೂರೆನ್ಸ್‌ನವರು ತೂಕ ಇಳಿಸುವ ವೆಗೋವಿ ಇಂಜೆಕ್ಷನ್‌ಗೆ ಒಪ್ಪಲಿಲ್ಲ. ಕೈಯಿಂದ ಕೊಟ್ಟು ತಗೊಳ್ಳೋದು ಎಷ್ಟು ದುಬಾರಿ ಅಂತ ಇಲ್ಲಿರುವವರಿಗೆ ಗೊತ್ತೇ ಇದೆ. ಆಗ ಔಷಧಿಯ ಕೊರತೆ ಬೇರೆ ಇತ್ತು, ಅದಕ್ಕೇ ಕಾಂಪೌಂಡಿಂಗ್ ಫಾರ್ಮಸಿಗಳು, ಅಂದರೆ ಔಷಧಿಯನ್ನು ತಾವೇ ಬೆರೆಸಿ ತಯಾರಿಸುವವರು, ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ಅನ್ನು ತಯಾರಿಸಿ ಕೊಡುತ್ತಿದ್ದವು. ಒಂದು ವೆಬ್‌ಸೈಟ್‌ನ ಮೊದಲ ಪುಟದಲ್ಲೇ 'ಲೈಸೆನ್ಸ್ ಇರುವ ಅಮೆರಿಕದ ಫಾರ್ಮಸಿ' ಅಂತ ದಪ್ಪ ಅಕ್ಷರದಲ್ಲಿತ್ತು. ಮೂರು ತಿಂಗಳ ದುಡ್ಡು ಒಟ್ಟಿಗೇ ಕಟ್ಟಿಸಿಕೊಂಡರು.

ಬಾಕ್ಸ್ ಬಂತು. ಐಸ್ ಪ್ಯಾಕ್ ಪೂರ್ತಿ ಕರಗಿ ಬೆಚ್ಚಗಾಗಿತ್ತು. ಸೀಸೆ ಮೇಲೆ ಇದ್ದದ್ದು ನಾವು ಕೇಳೇ ಇಲ್ಲದ, ಬೇರೆ ರಾಜ್ಯದ ಯಾವುದೋ ಫಾರ್ಮಸಿ ಹೆಸರು. ಒಂದು ಎಂಎಲ್‌ಗೆ 2.5 ಮಿಲಿಗ್ರಾಂ ಅಂತ ಬರೆದಿತ್ತು. ಜೊತೆಗಿದ್ದ ಚೀಟಿಯಲ್ಲಿ ಮೊದಲ ಡೋಸ್ 25 ಯೂನಿಟ್ ಅಂತಿತ್ತು (ಸಿರಿಂಜ್ ಮೇಲಿನ 100 ಯೂನಿಟ್ ಅಂದರೆ ಒಂದು ಎಂಎಲ್). ಚೀಟಿಯಲ್ಲಿದ್ದ ಹಾಗೇ ತಗೊಂಡರು.

ರಾತ್ರಿಯಿಡೀ ವಾಂತಿ. ಗುಟುಕು ನೀರೂ ನಿಲ್ಲಲಿಲ್ಲ. ಬೆಳಿಗ್ಗೆ ಅರ್ಜೆಂಟ್ ಕೇರ್‌ಗೆ ಓಡಿದೆವು. ಅಲ್ಲಿನ ನರ್ಸ್ ಸೀಸೆಯನ್ನೂ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿದರು. ಶುರುವಿನ ಡೋಸ್ 0.25 ಮಿಲಿಗ್ರಾಂ. ಈ ಸೀಸೆಯಿಂದ ತೆಗೆದರೆ ಅದು 10 ಯೂನಿಟ್ ಅಷ್ಟೇ. 25 ಅಂದರೆ ಎರಡೂವರೆ ಪಟ್ಟು! ಇಂಥ ಎಡವಟ್ಟಿನ ಬಗ್ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಜುಲೈನಲ್ಲೇ ಎಚ್ಚರಿಸಿತ್ತಂತೆ. ಕೆಲವರು 5ರಿಂದ 20 ಪಟ್ಟು ಜಾಸ್ತಿ ಚುಚ್ಚಿಕೊಂಡಿದ್ದರಂತೆ.

ವೆಬ್‌ಸೈಟ್‌ನವರಿಗೆ ಫೋನ್ ಮಾಡಿದೆ. "ನಾವು ಬರೀ ಪ್ಲಾಟ್‌ಫಾರ್ಮ್ ಮ್ಯಾಮ್, ಫಾರ್ಮಸಿಯವರನ್ನು ಕೇಳಿ." ಕೇಳೋಣ ಅಂದರೆ ಸೀಸೆ ಮೇಲೆ ಫೋನ್ ನಂಬರೇ ಇಲ್ಲ. ಹೊರಗಿನ ಫಾರ್ಮಸಿ ಕ್ಯಾಲಿಫೋರ್ನಿಯಾಕ್ಕೆ ಔಷಧಿ ಕಳಿಸಿದರೆ ಲೇಬಲ್ ಮೇಲೆ ಟೋಲ್ ಫ್ರೀ ನಂಬರ್ ಇರಲೇಬೇಕು ಅಂತ ಇಲ್ಲಿಯ ಕಾನೂನೇ ಇದೆ. ಹೇಗೋ ನಂಬರ್ ಹುಡುಕಿ ಮಾಡಿದರೆ, "ನಮಗೆ ನಮ್ಮ ರಾಜ್ಯದ ಲೈಸೆನ್ಸ್ ಇದೆ" ಅಂದರು. ಕ್ಯಾಲಿಫೋರ್ನಿಯಾದ್ದು ಇದೆಯಾ ಅಂದೆ. "ಅದನ್ನು ಕಂಪ್ಲಯನ್ಸ್ ಟೀಮ್ ನೋಡಿಕೊಳ್ಳುತ್ತೆ." ಇದೆಯೋ ಇಲ್ಲವೋ ಹೇಳಿ ಅಂದೆ. "ಅರ್ಜಿ ಹಾಕಿದ್ದೇವೆ." ಅರ್ಜಿ ಹಾಕಿದ್ದಾರಂತೆ! ಫೋನ್ ಇಟ್ಟು, ಫಾರ್ಮಸಿಗಳಿಗೆ ಲೈಸೆನ್ಸ್ ಕೊಡುವ ಇಲ್ಲಿಯ ಬೋರ್ಡ್ ಆಫ್ ಫಾರ್ಮಸಿ ಸೈಟ್‌ನಲ್ಲಿ ಹುಡುಕಿದೆ. ಆ ಹೆಸರೇ ಇಲ್ಲ. ನಮ್ಮನ್ನು ಹೀಗೆ ಯಾಮಾರಿಸಿದ್ದಾರೆ ಅಂತ ತಿಳಿದಾಗ ಮೈಯೆಲ್ಲಾ ಉರಿದುಹೋಯಿತು. ದಪ್ಪ ಅಕ್ಷರದ ಆ ಲೈಸೆನ್ಸ್ ನಮ್ಮ ರಾಜ್ಯದಲ್ಲಿ ನಡೆಯೋದೇ ಇಲ್ಲ.

ಅಮೆರಿಕದಲ್ಲಿ ಫಾರ್ಮಸಿಗೆ ಲೈಸೆನ್ಸ್ ಕೊಡೋದು ಆಯಾ ರಾಜ್ಯ. ಹೊರಗಿನವರು ಕ್ಯಾಲಿಫೋರ್ನಿಯಾಕ್ಕೆ ಔಷಧಿ ಕಳಿಸಬೇಕಾದರೆ ನಾನ್ ರೆಸಿಡೆಂಟ್ ಲೈಸೆನ್ಸ್ ಬೇಕು. ಇಂಜೆಕ್ಷನ್ ತಯಾರಿಸಿ ಕಳಿಸೋದಾದರೆ ಸ್ಟೆರೈಲ್ (ಕ್ರಿಮಿ ಸೇರದ ಹಾಗೆ ತಯಾರಿಸುವ) ಕಾಂಪೌಂಡಿಂಗ್ ಲೈಸೆನ್ಸ್ ಬೇರೆಯೇ ಇದೆ, ಬೋರ್ಡ್‌ನವರು ಪ್ರತಿ ವರ್ಷ ತಪಾಸಣೆ ಮಾಡಿದ ಮೇಲೇ ಅದು ನವೀಕರಣ ಆಗೋದು. ಇದೇನು ಸುಮ್ನೆ ಕಾಗದ ಪತ್ರದ ರಗಳೆ ಅಲ್ಲ. 2012ರಲ್ಲಿ ಮ್ಯಾಸಚೂಸೆಟ್ಸ್‌ನ ಒಂದೇ ಒಂದು ಕಾಂಪೌಂಡಿಂಗ್ ಕೇಂದ್ರದ ಸ್ಟೀರಾಯ್ಡ್ ಇಂಜೆಕ್ಷನ್‌ನಲ್ಲಿ ಶಿಲೀಂಧ್ರ ಸೇರಿ 20 ರಾಜ್ಯಗಳಲ್ಲಿ 750ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. 60ಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆ, 2013ರಲ್ಲಿ, ಅಮೆರಿಕದ ಕೇಂದ್ರ ಸರ್ಕಾರದ ಕಾನೂನೂ ಬಿಗಿಯಾಯಿತು. ಇದೆಲ್ಲ ಗೊತ್ತಿದ್ದೂ ಇವರು ಲೈಸೆನ್ಸ್ ಇಲ್ಲದೆ ಮನೆಮನೆಗೆ ಸೀಸೆ ಕಳಿಸುತ್ತಾರಲ್ಲ!

ಸೆಮಾಗ್ಲುಟೈಡ್ ಕೊರತೆ ಮುಗಿಯಿತು ಅಂತ ಎಫ್‌ಡಿಎ 2025ರ ಫೆಬ್ರವರಿಯಲ್ಲೇ ಹೇಳಿದೆ. ಜಾಹೀರಾತು ಮಾತ್ರ ನಿಂತಿಲ್ಲ. ದುಡ್ಡು ಕಟ್ಟುವ ಮೊದಲು ಔಷಧಿ ಕಳಿಸುವ ಫಾರ್ಮಸಿ ಯಾವುದು ಅಂತ ಹೆಸರು ಕೇಳಿ. ವೆಬ್‌ಸೈಟ್ ಹೆಸರಲ್ಲ, ಫಾರ್ಮಸಿ ಹೆಸರು. ನಿಮ್ಮ ರಾಜ್ಯದ ಬೋರ್ಡ್ ಸೈಟ್‌ನಲ್ಲಿ ಹುಡುಕಿ, ಎರಡೇ ನಿಮಿಷದ ಕೆಲಸ. ಹೆಸರು ಹೇಳೋಕೆ ಹಿಂದೆಮುಂದೆ ನೋಡಿದರೆ ಅವರ ಸಹವಾಸವೇ ಬೇಡ.

ದುಡ್ಡು ಇನ್ನೂ ವಾಪಸ್ ಬಂದಿಲ್ಲ. "ಔಷಧಿ ವಾಪಸ್ ತಗೊಳ್ಳೋದಿಲ್ಲ" ಅನ್ನೋದೊಂದೇ ಉತ್ತರ. ಕ್ರೆಡಿಟ್ ಕಾರ್ಡ್‌ನವರ ಹತ್ತಿರ ಡಿಸ್ಪ್ಯೂಟ್ ಹಾಕಿದ್ದೇವೆ, ಬೋರ್ಡ್‌ಗೂ ದೂರು ಕೊಟ್ಟಿದ್ದೇವೆ. ನಿಮಗೂ ಹೀಗೇ ಆಗಿದ್ದರೆ ಸೀಸೆ, ಚೀಟಿ ಎಸೆಯಬೇಡಿ. ಫೋಟೋ ತೆಗೆದು ನೀವೂ ದೂರು ಕೊಡಿ.